24 ದಿನದ ನಾಯಿಮರಿಗೆ ಹುಳದ ಔಷಧಿ: ಮನೆಯಲ್ಲೇ ಹಾಕಬಹುದಾ?

ಪ್ರಶ್ನೆ: ನಮ್ಮದು ಕೊಪ್ಪ ತಾಲ್ಲೂಕಿನ ಒಂದು ಹಳ್ಳಿ. ಮನೆಯ ನಾಯಿ ಐದು ಮರಿ ಹಾಕಿದೆ, ಇವತ್ತಿಗೆ 24 ದಿನ. ನಿನ್ನೆ ಒಂದು ಮರಿ ವಾಂತಿ ಮಾಡಿಕೊಂಡಿತು, ಅದರಲ್ಲಿ ಶಾವಿಗೆಯಂಥ ಎರಡು ಹುಳ ಇದ್ದವು. ಎಲ್ಲ ಮರಿಗಳ ಹೊಟ್ಟೆಯೂ ಡೊಳ್ಳಾಗಿದೆ. ತಾಯಿ ಹಾಲು ಬಿಟ್ಟರೆ ಅವು ಬೇರೇನೂ ತಿಂದಿಲ್ಲ. ಹುಳ ಎಲ್ಲಿಂದ ಬಂತು? ಶಾಲೆಯಲ್ಲಿ ಮಕ್ಕಳಿಗೆ ಕೊಡುವಂಥದ್ದೇ ಜಂತುಹುಳದ ಮಾತ್ರೆ ಮನೆಯಲ್ಲಿ ಒಂದಿದೆ. ಕಾಲು ಭಾಗ ಹಾಕಿದರೆ ಸಾಕು ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಅತ್ತೆ ಅಡಿಕೆ ಅರೆದು ಕುಡಿಸಿ ಅನ್ನುತ್ತಾರೆ. ಪಶು ಆಸ್ಪತ್ರೆ ದೂರ, ಐದು ಮರಿ ಕಟ್ಟಿಕೊಂಡು ಬಸ್ಸಿನಲ್ಲಿ ಹೋಗುವುದು ಕಷ್ಟ. ಮನೆಯಲ್ಲೇ ಮಾಡುವುದಾದರೆ ಹೇಗೆ?

ಉತ್ತರ:

ಮೊದಲು ಆ ಮಾತ್ರೆಯನ್ನು ಎತ್ತಿಡಿ. ಮಿಕ್ಕಿದ್ದು ಆಮೇಲೆ ಮಾತಾಡೋಣ.

ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳಿಗೆ ಕೊಡುವುದು ಅಲ್ಬೆಂಡಜೋಲ್, 400 ಮಿಲಿಗ್ರಾಂ. ಮಕ್ಕಳಿಗೆ ಒಳ್ಳೆಯ ಔಷಧಿ. ನಾಯಿಗೆ ಅಲ್ಲ. ನಾಯಿಯ ಮೂಳೆಯೊಳಗಿನ ಮಜ್ಜೆಯನ್ನು ಅದು ಹಾಳು ಮಾಡಬಹುದು, ರಕ್ತ ಹುಟ್ಟುವ ಜಾಗ ಅದೇ ಅಲ್ವಾ? ಹಿಂದೆ ನಾಯಿಗಳಿಗೆ ಇದನ್ನು ಬಳಸುತ್ತಿದ್ದಾಗಲೂ ಅಳತೆ ಇದ್ದದ್ದು ಕೆಜಿಗೆ 25 ಮಿಲಿಗ್ರಾಂ. ನಿಮ್ಮ ಮರಿ ಹೆಚ್ಚೆಂದರೆ ಒಂದು, ಒಂದೂಕಾಲು ಕೆಜಿ ಇದ್ದೀತು. ಕಾಲು ಮಾತ್ರೆ ಅಂದರೆ 100 ಮಿಲಿಗ್ರಾಂ. ಕಾಲು ಭಾಗ ಅಂದಾಗ ಕಮ್ಮಿ ಅನ್ನಿಸುತ್ತದೆ, ಲೆಕ್ಕ ಹಾಕಿದರೆ ಮೂರರಿಂದ ನಾಲ್ಕು ಪಟ್ಟು. ಈಗ ಇದಕ್ಕಿಂತ ಎಷ್ಟೋ ಸುರಕ್ಷಿತ ಔಷಧಿಗಳಿವೆ, ಹಾಗಾಗಿ ಇದರ ಗೊಡವೆಯೇ ಬೇಡ.

ನಿಮ್ಮ ಅತ್ತೆಯವರ ಮಾತನ್ನು ಮಾತ್ರ ನಗಾಡಿ ತಳ್ಳಿಹಾಕಬೇಡಿ. ಅಡಿಕೆಯಲ್ಲಿ ಅರೆಕೋಲಿನ್ ಅನ್ನುವ ಅಂಶ ಇದೆ. ಅದರಿಂದ ಮಾಡಿದ ಔಷಧಿಯನ್ನು ನಾಯಿಯ ಲಾಡಿಹುಳಕ್ಕೆ ಪಶುವೈದ್ಯರೇ ಕೊಡುತ್ತಿದ್ದ ಕಾಲ ಒಂದಿತ್ತು. ಹುಳಕ್ಕೆ ಲಕ್ವ ಹೊಡೆದಂತಾಗಿ ಕರುಳಿನಿಂದ ಕಳಚಿಕೊಳ್ಳುತ್ತದೆ, ಜೊತೆಗೆ ಜೋರಾಗಿ ಭೇದಿಯೂ ಆಗಿ ಎಲ್ಲ ಹೊರಗೆ ಬರುತ್ತದೆ. ತೊಂದರೆ ಏನೆಂದರೆ, ನಾಯಿಗೂ ಸುಲಭವಲ್ಲ. ಜೊಲ್ಲು, ವಾಂತಿ, ಎದೆಬಡಿತ ನಿಧಾನವಾಗುವುದು, ಕೆಲವು ಸಲ ಕುಸಿದು ಬೀಳುವುದು. 1970ರ ದಶಕದಲ್ಲಿ ಪ್ರಾಜಿಕ್ವಾಂಟೆಲ್ ಅನ್ನುವ ಲಾಡಿಹುಳದ ಔಷಧಿ ಬಂದ ಮೇಲೆ ಅರೆಕೋಲಿನ್ ಮೂಲೆಗೆ ಸರಿಯಿತು. ಒಂದು ಅಡಿಕೆಯಲ್ಲಿ ಆ ಅಂಶ ಎಷ್ಟಿದೆ ಅಂತ ಅಳೆಯುವವರು ಯಾರು? ಅಲ್ಲದೆ ನಿಮ್ಮ ಮರಿಗಳಿಗಿರುವುದು ಲಾಡಿಹುಳವೇ ಅಲ್ಲ. ಹಾಗಾಗಿ ಅತ್ತೆಯವರಿಗೆ ಹೇಳಿ: ನಿಮ್ಮ ಮಾತು ಸುಳ್ಳಲ್ಲ, ಆದರೆ ಈ ಹುಳಕ್ಕಲ್ಲ, ಈ ವಯಸ್ಸಿಗೂ ಅಲ್ಲ ಅಂತ.

ಬೆಳ್ಳುಳ್ಳಿ ರಸ ಕುಡಿಸುವವರೂ ಇದ್ದಾರೆ. ಅದು ಬೇಡವೇ ಬೇಡ. ಈರುಳ್ಳಿ, ಬೆಳ್ಳುಳ್ಳಿ ಜಾತಿಯವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹುಳದಿಂದ ಮೊದಲೇ ರಕ್ತ ಕಮ್ಮಿಯಾದ ಮರಿಗೆ ಅದೊಂದು ಬಾಕಿ ಇತ್ತು ಅನ್ನೋ ಹಾಗೆ ಆಗುತ್ತದೆ. ಬೇವು, ಪಪ್ಪಾಯ ಬೀಜ, ಅರಿಸಿನಗಳನ್ನು ನಂಬಿ ಕೂತರೆ ದಿನ ಕಳೆಯುತ್ತದೆ, ಹುಳ ಇದ್ದಲ್ಲೇ ಇರುತ್ತದೆ.

ಹಾಲು ಬಿಟ್ಟು ಬೇರೇನೂ ತಿನ್ನದ ಮರಿಗೆ ಹುಳ ಎಲ್ಲಿಂದ ಅಂತ ಕೇಳಿದ್ದೀರಿ. ತಾಯಿಯಿಂದಲೇ.

ನೀವು ನೋಡಿದ ಶಾವಿಗೆಯಂಥದ್ದು ದುಂಡುಹುಳು, ಟೊಕ್ಸೊಕಾರಾ ಅನ್ನುವ ಜಾತಿ. ಇದರ ಸಣ್ಣ ಮರಿಹುಳಗಳು ದೊಡ್ಡ ನಾಯಿಯ ಮಾಂಸಖಂಡಗಳಲ್ಲಿ ವರ್ಷಗಟ್ಟಲೆ ನಿದ್ದೆ ಮಾಡುತ್ತಾ ಇರುತ್ತವೆ. ಯಾವ ತೊಂದರೆಯೂ ಕೊಡುವುದಿಲ್ಲ, ಮಲ ಪರೀಕ್ಷೆಯಲ್ಲೂ ಸಿಗುವುದಿಲ್ಲ. ನಾಯಿ ಗಬ್ಬವಾಗಿ ಆರು ವಾರ ದಾಟಿದಾಗ ಎಚ್ಚರಾಗುತ್ತವೆ, ಹೊಕ್ಕುಳಬಳ್ಳಿಯ ದಾರಿ ಹಿಡಿದು ಮರಿಯ ಮೈ ಸೇರುತ್ತವೆ. ಅಂದರೆ ಮರಿ ಹುಟ್ಟುವಾಗಲೇ ಹುಳ ಹೊತ್ತುಕೊಂಡೇ ಹುಟ್ಟುತ್ತದೆ. ಹಾಲಿನಲ್ಲೂ ಒಂದಷ್ಟು ಬರುತ್ತವೆ. ಮರಿಗೆ ಮೂರು ವಾರ ಆಗುವ ಹೊತ್ತಿಗೆ ಹುಳ ದೊಡ್ಡದಾಗಿ ಮೊಟ್ಟೆ ಇಡಲು ಶುರು ಮಾಡಿರುತ್ತದೆ. ನಿಮ್ಮ ಲೆಕ್ಕವೂ ಸರಿಯಾಗಿ ಅಲ್ಲಿಗೇ ಬಂತು ನೋಡಿ. ‘ಬೆಲ್ಲ ತಿಂತು, ಅದಕ್ಕೇ ಹುಳ ಆಯ್ತು’ ಅಂತ ಇನ್ನು ಮೇಲೆ ಯಾರಾದರೂ ಹೇಳಿದರೆ ಸುಮ್ನೆ ನಕ್ಕುಬಿಡಿ. ಮಕ್ಕಳ ವಿಷಯದಲ್ಲಾಗಲಿ ನಾಯಿಯ ವಿಷಯದಲ್ಲಾಗಲಿ ಸಿಹಿಯಿಂದ ಹುಳ ಹುಟ್ಟುವುದಿಲ್ಲ.

ಇನ್ನೊಂದು ಹುಳ ಇದೆ, ನನಗೆ ಅದರ ಭಯವೇ ಜಾಸ್ತಿ. ಕೊಕ್ಕೆಹುಳು. ಒಂದರಿಂದ ಎರಡು ಸೆಂಟಿಮೀಟರ್ ಅಷ್ಟೇ ಇರುತ್ತದೆ, ಕಣ್ಣಿಗೆ ಬೀಳುವುದೇ ಅಪರೂಪ. ಹಾಲಿನ ಮೂಲಕ ಮರಿಗೆ ಹೋಗಿ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಎರಡು ಮೂರು ವಾರದ ಮರಿ, ಮೊನ್ನೆವರೆಗೆ ಚೆನ್ನಾಗಿಯೇ ಇತ್ತು, ಇದ್ದಕ್ಕಿದ್ದಂತೆ ಬೆಳ್ಳಗಾಗಿ ಸತ್ತುಹೋಯಿತು ಅಂತ ಯಾರಾದರೂ ಹೇಳಿದರೆ ನನ್ನ ಮೊದಲ ಅನುಮಾನ ಇದರ ಮೇಲೆ. ನಿಮ್ಮ ಕಡೆಯ ನೆರಳು, ತೇವ, ತೋಟದ ಮಣ್ಣು ಇದಕ್ಕೆ ಹೇಳಿ ಮಾಡಿಸಿದ ಜಾಗ.

ಆದ್ದರಿಂದ ಔಷಧಿ ಕೈಗೆ ತೆಗೆದುಕೊಳ್ಳುವ ಮೊದಲು ಒಂದೊಂದೇ ಮರಿಯನ್ನು ಎತ್ತಿ ಬೆಳಕಿಗೆ ತನ್ನಿ. ಮೇಲ್ದುಟಿ ಎತ್ತಿ ವಸಡು ನೋಡಿ. ಗುಲಾಬಿ ಬಣ್ಣ ಇರಬೇಕು. ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟರೆ ಬಿಳಿಯಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಐದೂ ಮರಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿ, ವ್ಯತ್ಯಾಸ ಎದ್ದು ಕಾಣುತ್ತದೆ. ವಸಡು ಸುಣ್ಣ ಬಳಿದಂತೆ ಇದ್ದರೆ, ಮಲ ಕಪ್ಪಗೆ ಡಾಂಬರಿನಂತೆ ಇದ್ದರೆ, ಮರಿ ಮೊಲೆ ಹಿಡಿಯದೆ ಪಕ್ಕಕ್ಕೆ ಬಿದ್ದಿದ್ದರೆ, ಮೈ ತಣ್ಣಗಿದ್ದರೆ ಆ ಮರಿಗೆ ಮನೆಮದ್ದೂ ಬೇಡ, ಮನೆಯಲ್ಲಿ ಔಷಧಿಯೂ ಬೇಡ. ಆಟೋ ಮಾಡಿಕೊಂಡಾದರೂ ಅದೊಂದನ್ನು ಕರೆದೊಯ್ಯಿರಿ. ನಾಲ್ಕೈದು ಸಲ ವಾಂತಿ ಮಾಡಿದ ಮರಿ, ರಕ್ತಭೇದಿ ಮಾಡುತ್ತಿರುವ ಮರಿ, ಇವಕ್ಕೂ ಇದೇ ಮಾತು. ವಾಂತಿ, ರಕ್ತಭೇದಿ ಅಂದರೆ ಪಾರ್ವೊ ಅನ್ನುವ ವೈರಸ್ ರೋಗ ಇರಬಹುದು, ಹುಳದ ಔಷಧಿ ಹಾಕಿ ಎರಡು ದಿನ ಕಾಯುವಷ್ಟರಲ್ಲಿ ಕೈಮೀರುತ್ತದೆ. ಹೊಟ್ಟೆ ತೀರಾ ಬಿಗಿದುಕೊಂಡು ಗುಡಾಣದಂತಾಗಿ, ಮುಟ್ಟಿದರೆ ಕುಂಯ್‌ಗುಡುವ ಮರಿಯನ್ನೂ ಡಾಕ್ಟರ್ ನೋಡಲಿ. ಒಳಗೆ ಹುಳ ವಿಪರೀತ ಇದ್ದು ಒಂದೇ ಸಲ ಸತ್ತರೆ ಕರುಳಿನಲ್ಲಿ ಉಂಡೆಗಟ್ಟಿ ದಾರಿ ಮುಚ್ಚಬಹುದು.

ಚೂಟಿಯಾಗಿದ್ದು, ಹಾಲು ಕುಡಿಯುತ್ತಾ, ಡೊಳ್ಳು ಹೊಟ್ಟೆ ಹೊತ್ತು ಓಡಾಡುವ ಮರಿಗಳಿಗೆ ಮಾತ್ರ ಮನೆಯಲ್ಲಿ ಹಾಕಿ. ಒಂದು ಸಲ ವಾಂತಿಯಲ್ಲಿ ಹುಳ ಬಂದ ಮರಿ ಈಗ ಚೆನ್ನಾಗಿ ಆಡಿಕೊಂಡಿದ್ದರೆ ಅದಕ್ಕೂ ಹಾಕಬಹುದು.

ಔಷಧಿ ಅಂಗಡಿಯಲ್ಲಿ ‘ನಾಯಿಗೆ ಹುಳದ ಔಷಧಿ ಕೊಡಿ’ ಅಂದರೆ ಸಾಲದು. ಮರಿಗಳಿಗೆಂದೇ ಇರುವ ಸಿರಪ್ ಕೇಳಿ, ಪೈರಾಂಟೆಲ್ ಇರುವಂಥದ್ದು. ಒಂಟಿ ಪೈರಾಂಟೆಲ್ ಆದರೂ ಸರಿ, ಜೊತೆಗೆ ಫೆಬಾಂಟೆಲ್ ಇದ್ದರೂ ಸರಿ. ಎರಡು ವಾರದ ಮರಿಯಿಂದಲೇ ಕೊಡುವ ಔಷಧಿ ಇದು, ದುಂಡುಹುಳು ಮತ್ತು ಕೊಕ್ಕೆಹುಳು ಎರಡಕ್ಕೂ ಕೆಲಸ ಮಾಡುತ್ತದೆ. ಬಾಟಲಿಯ ಮೇಲೆ ಒಂದು ಎಂಎಲ್‌ನಲ್ಲಿ ಎಷ್ಟು ಮಿಲಿಗ್ರಾಂ ಇದೆ ಅಂತ ಬರೆದಿರುತ್ತದೆ. ಎಲ್ಲ ಕಂಪನಿಯದ್ದೂ ಒಂದೇ ಗಟ್ಟಿ ಇರುವುದಿಲ್ಲ, ಅದಕ್ಕೇ ಓದಬೇಕು. ಪೈರಾಂಟೆಲ್ 14.4, ಫೆಬಾಂಟೆಲ್ 15 ಮಿಲಿಗ್ರಾಂ ಅಂತ ಇದ್ದರೆ ಅಳತೆ ಸುಲಭ: ಕೆಜಿಗೆ ಒಂದು ಎಂಎಲ್. ಬೇರೆ ಅಂಕಿ ಇದ್ದರೆ ಆ ಬಾಟಲಿಯ ಅಳತೆಯನ್ನೇ ಹಿಡಿಯಿರಿ, ನನ್ನದನ್ನಲ್ಲ. ಸಾಧ್ಯವಾದರೆ ಬಾಟಲಿಯ ಫೋಟೋ ತೆಗೆದು ನಿಮ್ಮ ಪಶುವೈದ್ಯರಿಗೆ ಕಳಿಸಿ, ಮರಿಗಳ ತೂಕ ಬರೆದು, ‘ಸರ್, ಇಷ್ಟು ಹಾಕಲಾ?’ ಅಂತ ಕೇಳಿ. ಐದು ಮರಿ ಹೊತ್ತು ಬಸ್ಸು ಹತ್ತುವುದಕ್ಕಿಂತ ಅದು ಸುಲಭ.

ತೂಕ ಅಂದಾಜಿನಲ್ಲಿ ಬೇಡ. ನಾನು ನೋಡಿರುವ ಎಡವಟ್ಟುಗಳಲ್ಲಿ ಅರ್ಧಕ್ಕರ್ಧ ತೂಕದ್ದೇ. ಅಡಿಕೆ ತೂಗುವ ಕಾಟಾ ಇದಕ್ಕೆ ಆಗುವುದಿಲ್ಲ, ಅದರಲ್ಲಿ ನೂರು ಇನ್ನೂರು ಗ್ರಾಂ ಲೆಕ್ಕಕ್ಕೇ ಸಿಗುವುದಿಲ್ಲ. ದಿನಸಿ ಅಂಗಡಿಯ ಡಿಜಿಟಲ್ ತಕ್ಕಡಿ ಒಳ್ಳೆಯದು. ಡಬ್ಬಿ ಇಟ್ಟು ಸೊನ್ನೆ ಮಾಡಿ, ಮರಿಯನ್ನು ಕೂರಿಸಿ. ತಾಯಿಯನ್ನು ತೂಗಲು, ಅವಳನ್ನು ಎತ್ತಿಕೊಂಡು ನೀವು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನಿಮ್ಮ ತೂಕ ಕಳೆಯಿರಿ. ಐದು ಮರಿಗೆ ಐದು ತೂಕ ಇರುತ್ತದೆ, 900 ಗ್ರಾಮಿನದ್ದಕ್ಕೂ 1 ಕೆಜಿ 200 ಗ್ರಾಮಿನದ್ದಕ್ಕೂ ಒಂದೇ ಅಳತೆ ಹಾಕಬೇಡಿ.

ಈಗ ಕುಡಿಸುವುದು. ಬಾಟಲಿಯನ್ನು ಚೆನ್ನಾಗಿ ಅಲ್ಲಾಡಿಸಿ, ಒಂದು ನಿಮಿಷವಾದರೂ. ಔಷಧಿ ತಳದಲ್ಲಿ ಕೂತಿರುತ್ತದೆ. ಅಲ್ಲಾಡಿಸದೇ ಹಾಕಿದರೆ ಮೊದಲ ಮರಿಗೆ ಬರೀ ನೀರು, ಕೊನೆಯ ಮರಿಗೆ ಎಲ್ಲರ ಪಾಲೂ ಸೇರಿ ಹೋಗುತ್ತದೆ. 2 ಎಂಎಲ್ ಸಿರಿಂಜ್ ತೆಗೆದುಕೊಂಡು ಸೂಜಿ ಕಿತ್ತು ಬಿಸಾಡಿ. ಮರಿಯನ್ನು ತೊಡೆಯ ಮೇಲೆ ಹೊಟ್ಟೆ ಕೆಳಗಾಗಿ ಕೂರಿಸಿ. ಮಗುವಿಗೆ ಒಳ್ಳೆಯಲ್ಲಿ ಕುಡಿಸುವ ಹಾಗೆ ಅಂಗಾತ ಮಲಗಿಸಬೇಡಿ, ತಲೆಯನ್ನು ಆಕಾಶಕ್ಕೆ ಎತ್ತಬೇಡಿ. ಮೂತಿ ನೆಲಕ್ಕೆ ಸಮವಾಗಿ ಇರಲಿ. ಸಿರಿಂಜನ್ನು ಬಾಯಿಯ ಮುಂದಿನಿಂದಲ್ಲ, ಕೆನ್ನೆಯ ಮೂಲೆಯಿಂದ ತೂರಿಸಿ, ಎರಡು ಹನಿ ಬಿಡಿ. ನುಂಗಲಿ. ಮತ್ತೆ ಎರಡು ಹನಿ. ಒಂದು ಎಂಎಲ್ ಕುಡಿಸಲು ಅರ್ಧ ನಿಮಿಷ ಆದರೂ ಪರವಾಗಿಲ್ಲ. ಮರಿ ಕೆಮ್ಮಿದರೆ ಕೂಡಲೇ ನಿಲ್ಲಿಸಿ ತಲೆ ಬಗ್ಗಿಸಿ. ಬಾಯಿ ತೆರೆದು ಒಂದೇ ಸಲ ಸುರಿದರೆ ಅದು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಹೋಗುತ್ತದೆ, ಎರಡನೇ ದಿನ ನ್ಯುಮೋನಿಯಾ. ಔಷಧಿ ಸರಿ, ಅಳತೆಯೂ ಸರಿ, ಕುಡಿಸಿದ ರೀತಿ ತಪ್ಪಾಗಿ ಹೋದ ಮರಿಗಳನ್ನು ನಾನು ನೋಡಿದ್ದೇನೆ.

ಹಾಕಿದ ಮರಿಯನ್ನು ಇನ್ನೊಂದು ಬುಟ್ಟಿಗೆ ಬಿಡಿ. ಐದೂ ಒಂದೇ ಬಣ್ಣದವಾದರೆ ಒಂದಕ್ಕೆ ಎರಡು ಸಲ ಹಾಕಿ ಇನ್ನೊಂದನ್ನು ಮರೆಯುವುದು ಸಾಮಾನ್ಯ. ಉಪವಾಸ ಕೆಡವಬೇಕಿಲ್ಲ. ಹಾಕಿದ ಮೇಲೆ ತಾಯಿ ಹಾಲು ಕುಡಿಯಲಿ.

ಮಾರನೇ ದಿನ, ಅದರಾಚೆ ದಿನ ಮಲದಲ್ಲಿ ಹುಳ ಬರುತ್ತದೆ. ಸುರುಳಿ ಸುತ್ತಿದ ಶಾವಿಗೆ ಉಂಡೆಯಂತೆ, ಕೆಲವು ಇನ್ನೂ ಮಿಸುಕಾಡುತ್ತಿರುತ್ತವೆ. ಹೇಸಿಗೆ ಅನ್ನಿಸಿದರೂ ಹೆದರಬೇಡಿ, ಔಷಧಿ ಕೆಲಸ ಮಾಡಿದೆ. ಏನೂ ಕಾಣದಿದ್ದರೆ ಔಷಧಿ ಹುಸಿ ಅಂತಲೂ ಅಲ್ಲ. ಕೊಕ್ಕೆಹುಳು ಕಾಣುವುದಿಲ್ಲ ಅಂದೆನಲ್ಲ. ಒಂದು ದಿನ ಮಲ ಸ್ವಲ್ಪ ತೆಳುವಾಗಬಹುದು. ಹಾಕಿದ ಅರ್ಧ ಗಂಟೆಯಲ್ಲಿ ವಾಂತಿ ಮಾಡಿಕೊಂಡರೆ ಅಂದಾಜಿನ ಮೇಲೆ ಮತ್ತೆ ಹಾಕಬೇಡಿ, ಫೋನ್ ಮಾಡಿ ಕೇಳಿ.

ಇಷ್ಟಕ್ಕೆ ಕೆಲಸ ಮುಗಿಯಿತು ಅಂದುಕೊಂಡರೆ ತಪ್ಪು. ಜನ ಎಡವುವುದು ಇಲ್ಲೇ. ಇವತ್ತು ಹಾಕಿದ ಔಷಧಿ ಕರುಳಿನಲ್ಲಿ ಇರುವ ಹುಳವನ್ನಷ್ಟೇ ಕೊಲ್ಲುತ್ತದೆ. ಅದೇ ಹೊತ್ತಿಗೆ ಒಂದು ಪಡೆ ಪಿತ್ತಜನಕಾಂಗದಲ್ಲಿ, ಇನ್ನೊಂದು ಶ್ವಾಸಕೋಶದಲ್ಲಿ ದಾರಿಯಲ್ಲಿರುತ್ತದೆ. ಶ್ವಾಸಕೋಶದಿಂದ ಗಂಟಲಿಗೆ ಏರಿ, ಮರಿ ಅದನ್ನು ನುಂಗಿದಾಗ ಮತ್ತೆ ಕರುಳು ಸೇರುತ್ತವೆ. ಹಾಲಿನಲ್ಲಿ ಹೊಸದೂ ಬರುತ್ತಿರುತ್ತವೆ. ಅದಕ್ಕೇ ಎರಡು ವಾರಕ್ಕೊಮ್ಮೆ. ನಿಯಮದ ಪ್ರಕಾರ 2, 4, 6, 8ನೇ ವಾರ. ನಿಮಗೆ ಮೊದಲನೆಯದು ತಪ್ಪಿದೆ, ಪರವಾಗಿಲ್ಲ. ಇವತ್ತು 24ನೇ ದಿನ ಹಾಕಿ, ಮತ್ತೆ 38ನೇ ದಿನ, ಮತ್ತೆ 52ನೇ ದಿನ. ಆಮೇಲೆ ಆರು ತಿಂಗಳು ತುಂಬುವವರೆಗೆ ತಿಂಗಳಿಗೊಂದು, ಅದರ ನಂತರ ಮೂರು ತಿಂಗಳಿಗೊಂದು. ಪ್ರತಿ ಸಲವೂ ಹೊಸದಾಗಿ ತೂಗಬೇಕು, 38ನೇ ದಿನಕ್ಕೆ ಮರಿ ಇವತ್ತಿನ ತೂಕದಲ್ಲಿ ಇರುವುದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಗೆರೆ ಎಳೆದಿಡಿ. ಹಾಲಿನ ಲೆಕ್ಕ, ಗ್ಯಾಸಿನ ಲೆಕ್ಕ ಬರೆಯುವ ಜಾಗದಲ್ಲೇ ಇದೂ ಇರಲಿ. ಮರಿಗಳನ್ನು ಯಾರಿಗಾದರೂ ಕೊಡುವಾಗ ಆ ತಾರೀಕುಗಳನ್ನು ಚೀಟಿಯಲ್ಲಿ ಬರೆದುಕೊಡಿ. ಹೊಸ ಮನೆಯವರು ಲಸಿಕೆಗೆ ಹೋದಾಗ ಡಾಕ್ಟರ್ ಮೊದಲು ಕೇಳುವುದು ಅದನ್ನೇ.

ತಾಯಿಯನ್ನು ಮರೆಯಬೇಡಿ. ಮರಿಗಳ ಹಿಂಭಾಗ ನೆಕ್ಕಿ ಸ್ವಚ್ಛ ಮಾಡುವವಳು ಅವಳೇ, ಅವುಗಳ ಮಲ ತಿನ್ನುವವಳೂ ಅವಳೇ. ಮರಿಗೆ ಹಾಕಿದ ದಿನವೇ ಅವಳಿಗೂ ಹಾಕಬೇಕು. ದೊಡ್ಡ ನಾಯಿಗೆ ಪ್ರಾಜಿಕ್ವಾಂಟೆಲ್ 50, ಪೈರಾಂಟೆಲ್ 144, ಫೆಬಾಂಟೆಲ್ 150 ಮಿಲಿಗ್ರಾಂ ಇರುವ ಮಾತ್ರೆ ಸಿಗುತ್ತದೆ, 10 ಕೆಜಿಗೆ ಒಂದು. ನಿಮ್ಮ ನಾಯಿ 17 ಕೆಜಿ ಇದ್ದರೆ ಎರಡು ಮಾತ್ರೆ. 35 ಕೆಜಿ ನಾಯಿಗೆ ಒಂದೇ ಸಾಕಾಗುವ ದೊಡ್ಡ ಮಾತ್ರೆಯೂ ಇದೆ, ಹೆಸರು ಹೆಚ್ಚುಕಮ್ಮಿ ಅದೇ. ಅಂಗಡಿಯವರು ಯಾವುದನ್ನು ಕೊಟ್ಟರು ಅಂತ ಸ್ಟ್ರಿಪ್ಪಿನ ಹಿಂಭಾಗ ಓದಿ ನೋಡಿ.

ಮಾತ್ರೆ ನುಂಗಿಸಲು ನನ್ನ ಉಪಾಯ ರಾಗಿಮುದ್ದೆ. ಮಲೆನಾಡಿನವರಿಗೆ ಮುದ್ದೆ ಎಲ್ಲಿಂದ ತರೋದು ಅನ್ನಬೇಡಿ, ಕಡುಬಿನ ತುಂಡೂ ಆಗುತ್ತದೆ. ಮೊದಲು ಬರೀ ತುಂಡು ಒಂದು ಕೊಡಿ, ಎರಡನೆಯದರಲ್ಲಿ ಮಾತ್ರೆ, ಅದು ಬಾಯಲ್ಲಿರುವಾಗಲೇ ಮೂರನೆಯದನ್ನು ತೋರಿಸಿ. ಮೂರನೆಯದರ ಆಸೆಗೆ ಎರಡನೆಯದನ್ನು ಅಗಿಯದೇ ನುಂಗಿಬಿಡುತ್ತದೆ. ಮುದ್ದೆ ಅಗಿಯಬಾರದು ಅನ್ನುವ ನಿಯಮ ನಾಯಿಗೂ ಗೊತ್ತು.

ಮುಂದಿನ ಸಲ ಗಬ್ಬವಾದಾಗ ಮಾತ್ರ ನಿಮ್ಮಷ್ಟಕ್ಕೆ ಯಾವ ಮಾತ್ರೆಯನ್ನೂ ಹಾಕಬೇಡಿ. ಆರನೇ ವಾರದ ಹೊತ್ತಿಗೆ ಡಾಕ್ಟರನ್ನು ಕೇಳಿ. ಆಗ ದಿನಾ ಕೊಡುವ ಫೆನ್‌ಬೆಂಡಜೋಲ್ ಕೋರ್ಸ್ ಒಂದಿದೆ, ಅದರಿಂದ ಮರಿಗೆ ಹೋಗುವ ಹುಳ ಬಹಳ ಕಮ್ಮಿಯಾಗುತ್ತದೆ.

ದನಕ್ಕೆ ತಂದ ಐವರ್ಮೆಕ್ಟಿನ್ ಅನ್ನುವ ಹುಳದ ಇಂಜೆಕ್ಷನ್ ಕೊಟ್ಟಿಗೆಯಲ್ಲಿ ಇದ್ದೇ ಇರುತ್ತದೆ ಅಲ್ವಾ? ನೀವು ಕೇಳಿಲ್ಲ, ಆದರೂ ಹೇಳಬೇಕು. ಆ ಇಂಜೆಕ್ಷನ್ ಶೇ. 1ರ ಗಟ್ಟಿ ಇರುತ್ತದೆ, ಒಂದು ಎಂಎಲ್‌ಗೆ 10 ಮಿಲಿಗ್ರಾಂ. ಹೃದಯದ ಹುಳ ಬಾರದಂತೆ ನಾಯಿಗೆ ಕೊಡುವ ಐವರ್ಮೆಕ್ಟಿನ್ ಅಳತೆ ಕೆಜಿಗೆ 6 ಮೈಕ್ರೋಗ್ರಾಂ, ಅಂದರೆ ಒಂದು ಮಿಲಿಗ್ರಾಮಿನ ಸಾವಿರದಲ್ಲಿ ಆರು ಭಾಗ. ಮೂರು ಕೆಜಿಯ ಮರಿಗೆ ಒಂದು ಎಂಎಲ್ ಬಾಯಿಗೆ ಹಾಕಿ ನನ್ನ ಹತ್ತಿರ ತಂದಿದ್ದರು. ಆ ಅಳತೆಯ ಐನೂರು ಪಟ್ಟಿಗೂ ಜಾಸ್ತಿ. ಜೊಲ್ಲು ಸುರಿಯುತ್ತಿತ್ತು, ಕಾಲು ತೊಡರುತ್ತಿತ್ತು, ಕಣ್ಣಮುಂದೆ ಕೈ ಆಡಿಸಿದರೆ ರೆಪ್ಪೆ ಮಿಟುಕಿಸಲಿಲ್ಲ. ಅದಕ್ಕೆ ಪ್ರತಿಮದ್ದು ಅಂತ ಇಲ್ಲ. ಸಲೈನ್ ಕೊಟ್ಟು, ಬೆಚ್ಚಗಿಟ್ಟು ಕಾಯುವುದಷ್ಟೇ. ಆ ಮರಿ ಆರು ದಿನಕ್ಕೆ ಎದ್ದಿತು, ಎಲ್ಲವೂ ಏಳುವುದಿಲ್ಲ. ಕೋಲಿ ಜಾತಿಯ ನಾಯಿಗಳಿಗಂತೂ ಆ ಮರಿಗೆ ಹಾಕಿದ್ದಕ್ಕಿಂತ ಎಷ್ಟೋ ಕಮ್ಮಿ ಅಳತೆಯೂ ಮಿದುಳಿಗೆ ಹತ್ತುತ್ತದೆ.

ಮರಿಗಳು ಓಡಾಡಲು ಶುರು ಮಾಡಿದ ಮೇಲೆ ಮಲದ ಮೇಲೆ ಸೌತೆಬೀಜದಂಥ, ಇಲ್ಲವೇ ಅಕ್ಕಿಕಾಳಿನಂಥ ಬಿಳಿ ತುಣುಕು ಕಂಡರೆ ಅದು ಲಾಡಿಹುಳು. ಇದಕ್ಕೆ ಪೈರಾಂಟೆಲ್ ಸಾಲದು, ಪ್ರಾಜಿಕ್ವಾಂಟೆಲ್ ಬೇಕು. ಇದು ಬರುವುದು ಚಿಗಟ ನುಂಗಿ. ಚಿಗಟ ಹಾಗೇ ಬಿಟ್ಟು ಮಾತ್ರೆ ಹಾಕುತ್ತಾ ಹೋದರೆ ಮೂರು ವಾರಕ್ಕೆ ಸೌತೆಬೀಜ ಮತ್ತೆ ಹಾಜರು. ಕುರಿ ಕಡಿಯುವ ಜಾಗದಲ್ಲಿ ಎಸೆದ ಹಸಿ ಪಿತ್ತಜನಕಾಂಗ, ಶ್ವಾಸಕೋಶ ತಿನ್ನುವ ನಾಯಿಗೆ ಇನ್ನೊಂದು ಜಾತಿಯ ಸಣ್ಣ ಲಾಡಿಹುಳು ಬರುತ್ತದೆ, ಮನುಷ್ಯರ ಪಿತ್ತಜನಕಾಂಗದಲ್ಲಿ ನೀರುಗುಳ್ಳೆ ಕಟ್ಟಿಸುವುದು ಅದೇ. ಅಂಥ ನಾಯಿಗೆ ಮೂರು ತಿಂಗಳಿಗೊಮ್ಮೆ ಸಾಲುವುದಿಲ್ಲ, ನಾಲ್ಕರಿಂದ ಆರು ವಾರಕ್ಕೊಮ್ಮೆ ಪ್ರಾಜಿಕ್ವಾಂಟೆಲ್ ಬೇಕು.

ಮನೆಯಲ್ಲಿ ಮಕ್ಕಳಿರಬಹುದು, ಅದಕ್ಕೆ ಇದನ್ನೂ ಹೇಳುತ್ತೇನೆ. ದುಂಡುಹುಳದ ಒಂದು ಹೆಣ್ಣು ದಿನಕ್ಕೆ ಲಕ್ಷದ ಲೆಕ್ಕದಲ್ಲಿ ಮೊಟ್ಟೆ ಇಡುತ್ತದೆ. ಆ ಮೊಟ್ಟೆ ಹೊರಬಿದ್ದ ಕೂಡಲೇ ಅಂಟುವುದಿಲ್ಲ, ಮಣ್ಣಿನಲ್ಲಿ ಎರಡು ಮೂರು ವಾರ ಹಣ್ಣಾಗಬೇಕು. ಹಣ್ಣಾದ ಮೇಲೆ ವರ್ಷಗಟ್ಟಲೆ ಜೀವಂತ. ಹಾಗಾಗಿ ದಿನಾ ಬೆಳಿಗ್ಗೆ ಮರಿಗಳ ಕಕ್ಕ ಎತ್ತಿ ಹೂಳುವುದು ಔಷಧಿಯಷ್ಟೇ ದೊಡ್ಡ ಕೆಲಸ. ಸೊಪ್ಪಿನ ಮಡಿಗೆ, ಗೊಬ್ಬರದ ಗುಂಡಿಗೆ ಹಾಕಬೇಡಿ. ಮಲಗುವ ಗೋಣಿಚೀಲ ಬಿಸಿಲಿಗೆ ಹಾಕಿ, ಬಿಸಿಲಿಲ್ಲದ ಕಾಲವಾದರೆ ಕುದಿಯುವ ನೀರಿಗೆ. ಮಕ್ಕಳು ಮರಿಗಳ ಜೊತೆ ಆಡಲಿ, ಬೇಡ ಅನ್ನಬೇಡಿ. ಊಟಕ್ಕೆ ಮೊದಲು ಸೋಪಿನಲ್ಲಿ ಕೈ ತೊಳೆಯಲಿ, ಮರಿಯ ಮೂತಿಗೆ ಮುತ್ತು ಕೊಡುವುದು ಸದ್ಯಕ್ಕೆ ಬೇಡ. ತೋಟದ ಕೆಲಸಕ್ಕೆ ಬರಿಗಾಲಲ್ಲಿ ಹೋಗುವವರ ಪಾದದಲ್ಲಿ ಹಾವಿನಂತೆ ಹರಿಯುವ ಕೆಂಪು ಗೆರೆ, ರಾತ್ರಿಯೆಲ್ಲ ತುರಿಕೆ ಕಂಡರೆ ಅದು ನಾಯಿಯ ಕೊಕ್ಕೆಹುಳದ ಮರಿ ಚರ್ಮ ಹೊಕ್ಕಿದ್ದು. ನಾಯಿಗೆ ಗೊತ್ತಾಗುವ ಮುಂಚೆ ಕೆಲವು ಸಲ ಕಾಲಿಗೇ ಗೊತ್ತಾಗುತ್ತದೆ.

ಕೊನೆಗೆ ಒಂದು ಸಣ್ಣ ಕೆಲಸ. ಎರಡನೇ ಸಲ ಔಷಧಿ ಹಾಕುವ ಮೊದಲು, ಹೇಗೂ ಯಾರಾದರೂ ಪೇಟೆಗೆ ಹೋಗುವವರಿದ್ದರೆ, ಮರಿಗಳ ಮಲದ ಮಾದರಿ ಕಳಿಸಿ. ಗೋಟಡಿಕೆ ಗಾತ್ರದಷ್ಟು ಸಾಕು. ಅವತ್ತು ಬೆಳಿಗ್ಗೆಯದ್ದೇ ಆಗಬೇಕು, ನೆಲದ ಮಣ್ಣು ತಾಗದ ಮೇಲುಭಾಗದಿಂದ ತೆಗೆಯಿರಿ. ಮುಚ್ಚಳ ಬಿಗಿಯಾದ ಸಣ್ಣ ಡಬ್ಬಿಯಲ್ಲಿ ಹಾಕಿ, ಮೇಲೆ ಮರಿಯ ವಯಸ್ಸು, ಕೊನೆಯ ಸಲ ಔಷಧಿ ಹಾಕಿದ ತಾರೀಕು, ಔಷಧಿಯ ಹೆಸರು ಬರೆದು ಪಶು ಆಸ್ಪತ್ರೆಗೆ ತಲುಪಿಸಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೊಕ್ಕೆಹುಳದ ಮೊಟ್ಟೆ ಇದೆಯಾ, ಹುಳದ ಔಷಧಿಗೆ ಬಗ್ಗದ ಕಾಕ್ಸಿಡಿಯಾ ಅನ್ನುವ ಕಣ್ಣಿಗೆ ಕಾಣದ ಪರಾವಲಂಬಿ ಇದೆಯಾ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಬೆಂಕಿಪೊಟ್ಟಣದಲ್ಲಿ ಮಾತ್ರ ಕಳಿಸಬೇಡಿ. ಹಾಗೆ ಕಳಿಸುವವರು ಈಗಲೂ ಇದ್ದಾರೆ, ನಮಗೆ ತಲುಪುವಷ್ಟರಲ್ಲಿ ಅದು ಒಣಗಿ ಕಾಫಿಪುಡಿಯಾಗಿರುತ್ತದೆ.